ಸಹಿಗೆ ರೊಕ್ಕ ಕೊಟ್ವಿ, ಅರ್ಥಿಂಗ್ ಎಲ್ಲೈತಿ?



ಮೊನ್ನೆ ನಸುಕಿನ್ಯಾಗ ಮೆಣಸಿನ ಗಿಡಕ್ಕ ನೀರು ಬಿಡಾಕ ಮಗ ಬೋರಿನ ಹತ್ರ ಹೋಗಿದ್ದ. ಸ್ಟಾರ್ಟರ್ ಡಬ್ಬಿ ಮುಟ್ಟಿದವನು ಹಿಂದಕ್ಕ ಬಿದ್ದ. ಕಾಲಾಗ ಒಣ ಚಪ್ಪಲಿ ಇದ್ದುವು, ಉಳಕೊಂಡ. ಹಸಿ ನೆಲದಾಗ ಬರಿಗಾಲಿಲೆ ನಿಂತಿದ್ರ ಏನಾಗ್ತಿತ್ತು, ನೀವೇ ವಿಚಾರ ಮಾಡ್ರಿ.

ಆಮೇಲೆ ಅರ್ಥ್ ವೈರ್ ಹಿಡಕೊಂಡು ಹೋಗಿ ನೋಡಿದೆ. ಗುಂಡಿ ಇಲ್ಲ, ಪೈಪ್ ಇಲ್ಲ. ವೈರಿನ ತುದಿ ಅರ್ಧ ಫೂಟು ಮಣ್ಣಾಗ ಸಿಗಿಸಿ ಮ್ಯಾಲೊಂದು ಕಲ್ಲು ಇಟ್ಟಿದ್ರು. ಆದ್ರ ನನ್ನ ಫೈಲಿನ ರಿಪೋರ್ಟ್‌ನ್ಯಾಗ "ಅರ್ಥಿಂಗ್ ಸರಿ ಇದೆ" ಅಂತ ಐತಿ. ಸಹಿ ಮಾಡಿದ ಗುತ್ತಿಗೆದಾರ ನನ್ನ ಹೊಲದ ಬದು ಸಹಿತ ತುಳಿದಿಲ್ಲ. ಅದರ ಕೆಳಗ ನನ್ನ ಸಹಿನೂ ಐತಿ. ತಪ್ಪು ನಂದೂ ಹೌದು.

ಪರ್ಮಿಟ್ ಅಂದ್ರ ರೊಕ್ಕ ತಿನ್ನೋ ದಾರಿ ಅಂತ ಭಾಳ ಮಂದಿ ಅಂತಾರ. ನಾನು ಒಪ್ಪಂಗಿಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸೋದು ಬಿಟ್ರ ಬಾಕಿ ವೈರಿಂಗ್ ಕೆಲಸ ಲೈಸೆನ್ಸ್ ಇದ್ದ ಗುತ್ತಿಗೆದಾರನೇ ಮಾಡಬೇಕು, ಮೇಲ್ವಿಚಾರಕ ನಿಂತು ನೋಡಬೇಕು, ಕೈ ಹಚ್ಚುವವನ ಹತ್ರನೂ ಪರ್ಮಿಟ್ ಇರಬೇಕು ಅಂತ ಕೇಂದ್ರದ ಸುರಕ್ಷತಾ ನಿಯಮ ಹೇಳ್ತೈತಿ. ಲೈನು ಕೊಡೋದು ಹೆಸ್ಕಾಂ, ಪರ್ಮಿಟ್ ಕೊಡೋದು ವಿದ್ಯುತ್ ಪರಿವೀಕ್ಷಣಾಲಯ. ಎರಡೂ ಬ್ಯಾರೆ ಬ್ಯಾರೆ. ನಿಯಮ ನಮ್ಮ ಜೀವ ಕಾಯಾಕ ಐತಿ. ನಾವು ಅದನ್ನ ಒಂದು ಹಾಳಿ ಮಾಡಿ ಇಟ್ಟೀವಿ.

ಬ್ಯಾಡಗಿ ಮಾರ್ಕೆಟ್‌ನ್ಯಾಗ ಚೀಲ ಬಿಚ್ಚಿ ಕಾಯಿ ನೋಡದ ಯಾವ ವ್ಯಾಪಾರಿನೂ ರೇಟು ಹಾಕಂಗಿಲ್ಲ. ಮೆಣಸಿನಕಾಯಿಗೆ ಇರೋ ಕಿಮ್ಮತ್ತು ನಮ್ಮ ಮಕ್ಕಳ ಜೀವಕ್ಕ ಇಲ್ಲೇನು?

"ನಮ್ಮೂರ ಹುಡುಗ ಹತ್ತು ವರ್ಷದಿಂದ ಮೋಟಾರ್ ಕೆಲಸ ಮಾಡ್ತಾನ, ಅವನಿಗೇನು ಬರೋದಿಲ್ಲೇನು" ಅಂತೀರಿ. ಬರ್ತೈತಿ. ಹಂಗಾದ್ರ ಅವನಿಗೆ ಪರ್ಮಿಟ್ ತೊಗೊಳ್ಳಾಕ ಹೇಳ್ರಿ. ನಾಳೆ ಅವನೇ ಕಂಬದಾಗ ಸತ್ರ ಅವನ ಹೆಂಡತಿ-ಮಕ್ಕಳು ಯಾರನ್ನ ಕೇಳಬೇಕು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲಾ ಕಡೆ ನಾವು ಇಷ್ಟು ಮಾಡೋಣು: ಲೈಸೆನ್ಸ್ ನಂಬರು, ಅದರ ಅವಧಿ ನೋಡೋಣು. ಸಹಿ ಮಾಡುವವನು ಹೊಲಕ್ಕ ಬರಲಿ, ನಮ್ಮ ಮುಂದ ಮೆಗ್ಗರ್ ಹಚ್ಚಲಿ, ಅರ್ಥಿಂಗ್ ಅಳೀಲಿ. ಅಲ್ಲಿತನಕ ರೊಕ್ಕನೂ ಇಲ್ಲ, ನಮ್ಮ ಸಹಿನೂ ಇಲ್ಲ. ಲೈನು ಹರಿದು ಬಿದ್ರ ಮುಟ್ಟಬ್ಯಾಡ್ರಿ, 1912ಕ್ಕ ಫೋನ್ ಮಾಡ್ರಿ.

ಇವತ್ತು ಸಂಜಿ ನಿಮ್ಮ ಸ್ಟಾರ್ಟರಿನ ಅರ್ಥ್ ವೈರ್ ಎಲ್ಲಿಗೆ ಹೋಗೇತಿ, ಒಮ್ಮೆ ನೋಡ್ಕೊಂಡು ಬರ್ರಿ. ಅದಕ್ಕ ಕೈ ಮಾತ್ರ ಹಚ್ಚಬ್ಯಾಡ್ರಿ.