ನೀರು ಬರೂ ದಿನ

ನಗರ ಯೋಜನಾದಾಗ ಪಿಎಚ್‌ಡಿಗೆ ಅರ್ಜಿ ಹಾಕಾಕತ್ತೇನ್ರಿ. ಸಂಶೋಧನಾ ಪ್ರಸ್ತಾವನೆದಾಗ ಮೊದಲ ಬರೇ 'ಸುಸ್ಥಿರ', 'ಸ್ಮಾರ್ಟ್' ಅಂತ ತುಂಬಿದ್ದೆ. ಓದಿಸಿ ಕೇಳಿದ ಅತ್ತಿಯಾರು, "ಇದರಾಗ ನಮ್ಮ ಓಣಿ ಎಲ್ಲೈತವಾ?" ಅಂದ್ರು.

ಹುಬ್ಬಳ್ಳಿ-ಧಾರವಾಡದಾಗ 2008ರಾಗ ಕೆಲವು ವಾರ್ಡಿಗಷ್ಟ 24 ತಾಸೂ ನೀರು ಬಂತು. ನಮ್ಮ ಓಣಿಗೆ ಬರಲಿಲ್ಲ. ನೀರು ಬರೂ ದಿನ ಮನ್ಯಾಗ ಯಾರರೆ ಇರಬೇಕು. ಆ 'ಯಾರರೆ' ಯಾವಾಗ್ಲೂ ನಾನ. ಹಿಂಗಾಗಿ ಎರಡು ನೌಕರಿ ಬಿಟ್ಟೇನಿ. ಯೋಜನಾ ನಕಾಶೆದಾಗ ಪೈಪಿನ ಗೀಟು ಇರ್ತಾವ, ಕೊಡ ಹಿಡಕೊಂಡು ಕಾಯೂ ತಾಸು ಇರೂದಿಲ್ಲ.

ಅರ್ಜಿ ಹಾಕೋರು ಗೈಡ್ ಯಾರು, ಫೆಲೋಶಿಪ್ ಎಷ್ಟು ಅಂತ ಹುಡುಕೂಕಿಂತ ಮೊದಲ ತಮ್ಮ ಪ್ರಶ್ನೆ ಹುಡುಕಬೇಕು ಅಂತೇನಿ ನಾನು. (ಫೆಲೋಶಿಪ್ಪೂ ಬೇಕ್ರಿ, ಸುಳ್ಳ್ಯಾಕ?) ತಿರುಗಿ ಬರದೇನಿ: ನಳಕ್ಕ ಕಾಯೂ ತಾಸು ಯಾರ ಲೆಕ್ಕದಾಗ ಬರ್ತಾವ?

ಸಂದರ್ಶನದ ಪತ್ರ ಬಂದೈತಿ. ಅವತ್ತೂ ನೀರಿನ ಪಾಳಿ. "ನಾ ಇರ್ತೇನಿ, ನೀ ಹೋಗಿ ಬಾ" ಅಂದಾರ ಅತ್ತಿಯಾರು.