ಹೆಗ್ಡೆಯವರನ್ನು ಯಾವ ಸಾಲಿಗೆ ಸೇರಿಸುತ್ತೀರಿ?

ನ್ಯಾಯಮೂರ್ತಿಯೊಬ್ಬರು ರಾಜಕಾರಣಕ್ಕೆ ಇಳಿದಾಗಲೆಲ್ಲ ನಮ್ಮ ಕೆಲವು ಪತ್ರಿಕಾಬಂಧುಗಳು ಹಳೆಯ ಪಟ್ಟಿಯೊಂದರ ಧೂಳು ಕೊಡವಿ ಮತ್ತೆ ಅಚ್ಚು ಹಾಕುತ್ತಾರೆ. ಬಹರುಲ್ ಇಸ್ಲಾಂ, ರಂಗನಾಥ ಮಿಶ್ರಾ, ರಂಜನ್ ಗೊಗೊಯ್ ಎಂದು ಎಣಿಸುತ್ತ ಬಂದು, ಕೌಡೂರು ಸದಾನಂದ ಹೆಗ್ಡೆಯವರನ್ನೂ ಅದೇ ಸಾಲಿಗೆ ನೂಕುತ್ತಾರೆ. ಪಟ್ಟಿ ಉದ್ದವಾದಷ್ಟೂ ಬರೆದವರ ನೈತಿಕತೆ ಬೆಳೆಯುತ್ತದೆಂಬ ನಂಬಿಕೆ ಇರಬೇಕು. ಕೋರ್ಟು ಬಿಟ್ಟವನು ಬಿಡುವಾಗ ಏನು ಕಳೆದುಕೊಂಡ, ಆಮೇಲೆ ಯಾರ ಮುಂದೆ ಹೋಗಿ ನಿಂತ ಎಂಬುದನ್ನು ಕೇಳದ ಪಟ್ಟಿಗೆ ಮೂರು ಕಾಸಿನ ಬೆಲೆಯಿಲ್ಲ.

ಹೆಗ್ಡೆಯವರು ಕೋರ್ಟಿಗೆ ಬರುವ ಮೊದಲೇ ಕಾಂಗ್ರೆಸ್ಸಿನವರು, 1952ರಿಂದ 1957ರವರೆಗೆ ರಾಜ್ಯಸಭಾ ಸದಸ್ಯರು. ಹಾಗಾದರೆ ಆಮೇಲೆ ಸಿಕ್ಕ ಮೈಸೂರು ಹೈಕೋರ್ಟಿನ ಪೀಠ ಪಕ್ಷದ ಋಣವಲ್ಲವೇ ಎನ್ನುವವರು, ಆ ಋಣ ಹೇಗೆ ತೀರಿತೆಂಬುದನ್ನೂ ನೋಡಲಿ. ಸುಪ್ರೀಂ ಕೋರ್ಟಿನಲ್ಲಿ ಬ್ಯಾಂಕ್ ರಾಷ್ಟ್ರೀಕರಣ, ರಾಜಧನ ಎರಡು ಮೊಕದ್ದಮೆಗಳಲ್ಲೂ ಅವರು ಸರ್ಕಾರದ ವಿರುದ್ಧದ ಬಹುಮತದಲ್ಲಿದ್ದರು. 1973ರ ಏಪ್ರಿಲ್ 24ರಂದು ಎಡನೀರು ಮಠದ ಕೇಶವಾನಂದ ಭಾರತಿಯವರ ಮೊಕದ್ದಮೆಯಲ್ಲಿ ಹದಿಮೂರು ಮಂದಿಯ ಪೀಠ ಏಳು–ಆರಾಗಿ ಒಡೆದಾಗ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸಲಾಗದೆಂದ ಏಳರ ಕಡೆ ನಿಂತರು. ಮರುದಿನವೇ ಆಕಾಶವಾಣಿ ಸುದ್ದಿ ಕೊಟ್ಟಿತು: ಶೆಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನೂ ದಾಟಿ ಎ.ಎನ್. ರೇ ಮುಖ್ಯ ನ್ಯಾಯಮೂರ್ತಿ. ಮೂವರೂ ರಾಜೀನಾಮೆ ಬಿಸಾಕಿದರು. ಸರದಿಯ ಲೆಕ್ಕದಲ್ಲಿ ಶೆಲತರ ನಂತರ ಆ ಕುರ್ಚಿ ಹೆಗ್ಡೆಯವರದೇ. 1977ರಲ್ಲಿ ಅವರು ಬೆಂಗಳೂರು ದಕ್ಷಿಣದ ಮತದಾರರ ಮುಂದೆ ನಿಂತದ್ದು ಜನತಾ ಪಕ್ಷದಿಂದ, ಎದುರಾಳಿ ಕಾಂಗ್ರೆಸ್ಸಿನ ಕೆಂಗಲ್ ಹನುಮಂತಯ್ಯ. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿನ ಪಾಲಾದ ಆ ಚುನಾವಣೆಯಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದವರನ್ನು, ಜನರ ಮತವಿಲ್ಲದೆ ರಾಜ್ಯಸಭೆ ಹೊಕ್ಕವರ ಜೊತೆ ಕೂರಿಸುವುದು ಬರೀ ಸೋಮಾರಿತನ. 1978ರ ಡಿಸೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಗೆದ್ದು ಬಂದ ಇಂದಿರಾ ಗಾಂಧಿಯವರನ್ನು ಸದನ ಹೊರಹಾಕಿ ಜೈಲಿಗೆ ಕಳಿಸಿದಾಗ ಸ್ಪೀಕರ್ ಇವರೇ ಅಲ್ಲವೇ ಎಂದರೆ, ಹೌದು. ಆ ಹೊತ್ತಿನಲ್ಲಿ ಪೀಠ ಬೇರೊಬ್ಬರ ಕೈಲಿದ್ದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಆ ತೀರ್ಮಾನ ಸದನದ್ದು.

ಇನ್ನೊಂದು ಆಕ್ಷೇಪ ನಮ್ಮ ನೀಲಗಿರಿಯ ಎಡಪಂಥೀಯ ಗೆಳೆಯರದು: ಕೇಶವಾನಂದ ತೀರ್ಪು ಜಮೀನ್ದಾರರಿಗೆ ಕೊಟ್ಟ ಕೊಡೆ, ಹೆಗ್ಡೆ ಅದರ ಹಿಡಿಕೆ. ಇದನ್ನು ಗೂಡಲೂರಿನಲ್ಲಿ ನಿಂತೇ ಪರೀಕ್ಷಿಸಬಹುದು. ನಿಲಂಬೂರು ಕೋವಿಲಗಂ ಎಂಬ ಅರಸು ಮನೆತನದ ಜನ್ಮಂ, ಅಂದರೆ ವಂಶಪಾರಂಪರ್ಯ ಭೂಒಡೆತನದ, ಹಕ್ಕನ್ನು ತೆಗೆಯಲು ತಮಿಳುನಾಡು 1969ರಲ್ಲಿ ಕಾಯ್ದೆ ಮಾಡಿತು. 1972ರಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಭಾಗವೊಂದನ್ನು ಬಿಟ್ಟು ಉಳಿದದ್ದನ್ನು ಒಪ್ಪಿತು. 1974ರ ಸಂವಿಧಾನ ತಿದ್ದುಪಡಿ ಇಡೀ ಕಾಯ್ದೆಯನ್ನು, ಕಾನೂನುಗಳನ್ನು ಕೋರ್ಟಿನ ಕೈಯಿಂದ ಕಾಪಾಡಲೆಂದಿದ್ದ ಒಂಬತ್ತನೇ ಅನುಸೂಚಿಗೆ ಸೇರಿಸಿತು. ಅದರಿಂದ ಎದ್ದ ಕೊಯೆಲ್ಹೊ ಮೊಕದ್ದಮೆಯಲ್ಲಿ 2007ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು, 1973ರ ಏಪ್ರಿಲ್ 24ರ ನಂತರ ಆ ಅನುಸೂಚಿಗೆ ಹೋದ ಯಾವುದೇ ಕಾನೂನನ್ನು ಸಂವಿಧಾನದ ಮೂಲ ರಚನೆಯ ಒರೆಗೆ ಹಚ್ಚಬಹುದು ಎಂದು. ಎಸ್ಟೇಟಿನವರಿಗೆ ಇದರಿಂದ ಸಿಕ್ಕಿದ್ದು ವಾದಿಸುವ ಅವಕಾಶ, ಭೂಮಿಯಲ್ಲ. ಕೇಶವಾನಂದರಿಗೂ ಮಠದ ಜಮೀನು ತಿರುಗಿ ಸಿಗಲಿಲ್ಲ, ಕೇರಳದ ಭೂಸುಧಾರಣೆ ಉಳಿಯಿತು. ಪಣಿಯರಿಗೆ, ಸಿಲೋನಿನಿಂದ ಬಂದ ತಮಿಳರಿಗೆ, ವಯನಾಡಿನಿಂದ ಹತ್ತಿಬಂದ ರೈತರಿಗೆ ಪಟ್ಟಾ ಸಿಗದಿರುವುದಕ್ಕೆ ಆ ಜನ್ಮಂ ಕಾಯ್ದೆಯ ಸೆಕ್ಷನ್ 17ರ ಕಡತಗಳ ಮೇಲೆ ಕುಳಿತ ಸರ್ಕಾರಗಳನ್ನು ಕೇಳಿ. ಅಲ್ಲಿ ಎರಡೂ ದ್ರಾವಿಡ ಪಕ್ಷಗಳು ಕುಳಿತಿವೆ. ಹೆಗ್ಡೆಯವರನ್ನು ಬೈಯುವುದು ಸುಲಭ, ತಹಶೀಲ್ದಾರರ ಮೇಜಿಗೆ ಹೋಗುವುದು ಕಷ್ಟ.

ಈ ಸಂಚಿಕೆ ಜನ್ಮಂ ಭೂಮಿಯ ಕುರಿತದ್ದು. ಪಟ್ಟಿ ಮಾಡುವ ಬಂಧುಗಳೂ ಮುಂದಿನ ಸಂಚಿಕೆಗೆ ಬರೆಯಬಹುದು, ಹೆಸರಿನ ಪಕ್ಕ ಆತ ಬಿಟ್ಟುಬಂದ ಹುದ್ದೆಯನ್ನೂ ನಮೂದಿಸುವುದಾದರೆ.