ಮುಚ್ಚಿಡಲು ಏನೂ ಇಲ್ಲದವರಿಗೂ ಬೀಗ ಬೇಕು



ಕಳೆದ ಯುಗಾದಿಯ ಊಟದ ಪಂಕ್ತಿಯಲ್ಲಿ ನಮ್ಮ ಸಂಘದ ಹಿರಿಯರೊಬ್ಬರು, "ಡಾಕ್ಟರೇ, ಭಯೋತ್ಪಾದಕರನ್ನು ಹಿಡಿಯಲು ಸರ್ಕಾರ ನಮ್ಮ ಫೋನನ್ನೂ ನೋಡಲಿ ಬಿಡಿ. ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ?" ಎಂದರು. ಒಬ್ಬಟ್ಟು ಬಡಿಸುವ ಹೊತ್ತಿನಲ್ಲಿ ವಾದಕ್ಕಿಳಿಯುವುದು ತರವಲ್ಲವೆಂದು ಸುಮ್ಮನಾದೆ. ಅಂದು ಹೇಳದೆ ಉಳಿದ ಉತ್ತರವಿದು.

2025ರ ಫೆಬ್ರವರಿಯಲ್ಲಿ ಆಪಲ್ ಸಂಸ್ಥೆಯು ಬ್ರಿಟನ್ನಿನ ಬಳಕೆದಾರರಿಗೆ 'ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್' ಎಂಬ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ಐಕ್ಲೌಡ್‌ನಲ್ಲಿಟ್ಟ ಬ್ಯಾಕಪ್, ಫೋಟೊ, ಟಿಪ್ಪಣಿಗಳನ್ನು ಆಪಲ್ ಕೂಡ ತೆರೆಯಲಾಗದಂತೆ ಕಾಯುತ್ತಿದ್ದ ಬೀಗವದು. 2016ರ ಇನ್ವೆಸ್ಟಿಗೇಟರಿ ಪವರ್ಸ್ ಕಾಯಿದೆಯ ಅಡಿಯಲ್ಲಿ, ಆ ದತ್ತಾಂಶಕ್ಕೆ ದಾರಿ ಮಾಡಿಕೊಡಬೇಕೆಂದು ಸರ್ಕಾರವು ಸಂಸ್ಥೆಗೆ ಗುಪ್ತ ನೋಟಿಸು ಕೊಟ್ಟಿದೆಯೆಂದು ಪತ್ರಿಕೆಗಳು ಅದಕ್ಕೆ ಮುಂಚೆಯೇ ವರದಿ ಮಾಡಿದ್ದವು. ಗೃಹ ಇಲಾಖೆ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಅಂಥ ನೋಟಿಸು ಬಂದಿರುವುದನ್ನು ಪಡೆದವರು ಅನುಮತಿಯಿಲ್ಲದೆ ಬಾಯಿಬಿಡುವಂತಿಲ್ಲ. ನಮ್ಮೆಲ್ಲರ ಮನೆಯ ಬೀಗವನ್ನು ಸಡಿಲಿಸುವ ನಿರ್ಧಾರ, ನಮಗೇ ತಿಳಿಸಬಾರದೆಂಬ ಕಟ್ಟಳೆ! ಇದನ್ನು ಒಪ್ಪಿಕೊಳ್ಳುವುದು ಹೇಗೆ?

ಭಯೋತ್ಪಾದನೆಯ ಭೀಕರತೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. 2005ರ ಜುಲೈ 7ರಂದು ಲಂಡನ್ನಿನಲ್ಲಿ 52 ಮಂದಿ ಅಮಾಯಕರು ಅಸುನೀಗಿದರು. 2017ರಲ್ಲಿ ಮ್ಯಾಂಚೆಸ್ಟರ್ ಅರೀನಾದಲ್ಲಿ ಸತ್ತ 22 ಮಂದಿಯಲ್ಲಿ ಮಕ್ಕಳೂ ಇದ್ದರು. ಆದರೆ ಮ್ಯಾಂಚೆಸ್ಟರ್ ಪ್ರಕರಣದ ವಿಚಾರಣಾ ವರದಿ 2023ರಲ್ಲಿ ಹೇಳಿದ್ದೇನು? ಗುಪ್ತಚರ ಸಂಸ್ಥೆ ಎಂಐ5ರ ಕೈಯಲ್ಲಿ ಆಗಲೇ ಮಾಹಿತಿಯಿತ್ತು. ಅದರ ಮೇಲೆ ಸಕಾಲದಲ್ಲಿ ಕ್ರಮ ಕೈಗೊಳ್ಳದೆ ಮಹತ್ವದ ಅವಕಾಶವೊಂದು ತಪ್ಪಿಹೋಯಿತು. ಬಂದ ರಕ್ತಪರೀಕ್ಷೆಯ ವರದಿಯನ್ನು ಓದದೆ ಮೇಜಿನ ಮೇಲೆ ಬಿಟ್ಟ ವೈದ್ಯನು ಊರಿನವರೆಲ್ಲರ ರಕ್ತ ತೆಗೆಯಬೇಕೆಂದು ಹೊರಟರೆ ಅವನ ಮಾತಿಗೆ ಯಾರು ತಲೆದೂಗುತ್ತಾರೆ?

ಸರ್ಕಾರ ಒಳ್ಳೆಯದೇ ಇರಬಹುದು. ಆದರೆ ಅದಕ್ಕೆಂದು ಕೊರೆದ ಕಿಂಡಿಯಲ್ಲಿ ಕಳ್ಳನೂ ನುಗ್ಗುತ್ತಾನೆ. ಗ್ರೀಸಿನಲ್ಲಿ ನಡೆದದ್ದು ಇದೇ. ಅಥೆನ್ಸ್ ಒಲಿಂಪಿಕ್ಸ್ ನಡೆದ 2004ರಿಂದ ಮುಂದಿನ ವರ್ಷದ ಆರಂಭದವರೆಗೆ, ವೊಡಾಫೋನ್ ಜಾಲದ ಸ್ವಿಚ್ಚುಗಳಲ್ಲಿ ಕಾನೂನುಬದ್ಧ ಕದ್ದಾಲಿಕೆಗೆಂದೇ ಇದ್ದ ತಂತ್ರಾಂಶವನ್ನು ಅಪರಿಚಿತರು ಕೈವಶ ಮಾಡಿಕೊಂಡು, ಪ್ರಧಾನಿ ಕೋಸ್ಟಾಸ್ ಕರಮನ್ಲಿಸ್ ಸೇರಿ ನೂರಕ್ಕೂ ಹೆಚ್ಚು ಮಂದಿಯ ಮೊಬೈಲ್ ಕರೆಗಳನ್ನು ತಿಂಗಳುಗಟ್ಟಲೆ ಆಲಿಸಿದರು. ದೇಶದ ಪ್ರಧಾನಿಗೇ ಇಲ್ಲದ ರಕ್ಷಣೆ, ಮೈಸೂರಿನಲ್ಲಿರುವ ಅಮ್ಮನ ಸ್ಕ್ಯಾನಿನ ಫೋಟೊ ಫೋನಿನಲ್ಲಿಟ್ಟುಕೊಂಡ ನಮಗೆ ಸಿಕ್ಕೀತೆ?

ವೈದ್ಯರಿಗೂ ಗೌಪ್ಯತೆಯನ್ನು ಮುರಿಯುವ ಸಂದರ್ಭ ಬರುತ್ತದೆ. ರೋಗಿಯೊಬ್ಬನಿಂದ ಇನ್ನೊಬ್ಬರ ಜೀವಕ್ಕೆ ಗಂಭೀರ ಅಪಾಯವಿದ್ದರೆ ನಾವು ಪೊಲೀಸರಿಗೆ ತಿಳಿಸುತ್ತೇವೆ. ಆದರೆ ಆ ಒಬ್ಬನ ಕಡತವನ್ನು, ಬೇಕಾದಷ್ಟನ್ನೇ ತೆರೆಯುತ್ತೇವೆ. ಅದಕ್ಕಾಗಿ ಕಡತಗಳ ಕೊಠಡಿಯ ಬಾಗಿಲನ್ನೇ ಕಿತ್ತುಹಾಕುವುದಿಲ್ಲ. ಶಂಕಿತನೊಬ್ಬನ ಫೋನಿಗೆ, ನ್ಯಾಯಾಂಗದ ಒಪ್ಪಿಗೆ ಪಡೆದು ವಾರಂಟು ತರುವುದಕ್ಕೆ ನನ್ನ ವಿರೋಧವಿಲ್ಲ. ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದ್ದೇ ಇದೆ.

ಈ ವಿವೇಕವನ್ನು ನಾವು ಪಶ್ಚಿಮದವರಿಂದ ಕಡ ತರಬೇಕಾಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದು ಮಿತಿಯೇ ಇಲ್ಲದ ಹಕ್ಕೆಂದು ನ್ಯಾಯಾಲಯ ಹೇಳಲಿಲ್ಲ. ಕೈಹಾಕುವ ಸರ್ಕಾರಕ್ಕೆ ಕಾನೂನಿನ ಆಧಾರವೂ ನ್ಯಾಯವಾದ ಉದ್ದೇಶವೂ ಇರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದಿತು. ಆ ಅಳತೆಗೋಲನ್ನೇ ಇಲ್ಲಿಯೂ ಹಿಡಿಯಬೇಕೆಂಬುದು ನನ್ನ ಆಗ್ರಹ.

ಗೂಢಲಿಪೀಕರಣವನ್ನು ದುರ್ಬಲಗೊಳಿಸುವ ನೋಟಿಸುಗಳನ್ನು ಕಾಯಿದೆಯಿಂದಲೇ ತೆಗೆಯಬೇಕೆಂದು ನನ್ನ ಕ್ಷೇತ್ರದ ಸಂಸದರಿಗೆ ಪತ್ರ ಬರೆದಿದ್ದೇನೆ. ಮುಂದಿನ ಮಾಸಿಕ ಕೂಟಕ್ಕೆ ಅದರ ಪ್ರತಿಗಳನ್ನು ತರುವೆ. ಒಪ್ಪುವವರು ತಮ್ಮ ತಮ್ಮ ಸಂಸದರ ಹೆಸರು ಬರೆದು ಸಹಿ ಮಾಡಬಹುದು. ಆ ಹಿರಿಯರ ಪಕ್ಕದಲ್ಲೇ ಕುಳಿತು, ಮೊದಲ ಪ್ರತಿಯನ್ನು ಅವರ ಮುಂದೆಯೇ ಇಡುವವನಿದ್ದೇನೆ.